ಕೈ ಬಿಟ್ಟರೆ ಏನಾಗುತ್ತದೆ? ಪುಟ್ಟ ಸಬ್‌ಮರೀನ್ ಆರಿಸುವವರಿಗೆ ಒಂದು ಹೋಲಿಕೆ

ಖಾಸಗಿ ಸಬ್‌ಮರೀನ್ ಅಂದ ಕೂಡಲೇ ಎಲ್ಲರೂ ಕೇಳುವುದು ಎರಡು ಪ್ರಶ್ನೆ. ಎಷ್ಟು ಆಳಕ್ಕೆ ಹೋಗುತ್ತೆ? ಬೆಲೆ ಎಷ್ಟು? ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ಇಬ್ಬರು ಮೂವರು ಕೂರುವ ಈ ಯಂತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡುವಾಗ ನಾನು ಮೊದಲು ಕೇಳುವುದು ಬೇರೆಯದನ್ನು. ನೀರಿನ ನಡುವೆ ಇದ್ದಾಗ ಪೈಲಟ್ ಎಲ್ಲ ಕಂಟ್ರೋಲ್‌ಗಳಿಂದ ಕೈ ತೆಗೆದುಬಿಟ್ಟರೆ ಇದು ಏನು ಮಾಡುತ್ತದೆ? ಮೇಲೆ ಬರುತ್ತದಾ, ಇದ್ದಲ್ಲೇ ನಿಲ್ಲುತ್ತದಾ, ಕೆಳಗೆ ಇಳಿಯುತ್ತಾ ಹೋಗುತ್ತದಾ?

ಈ ಒಂದು ಪ್ರಶ್ನೆಗೆ ಸಿಗುವ ಉತ್ತರದಲ್ಲಿ ಆ ಸಬ್‌ನ ಅರ್ಧ ಜಾತಕ ಇರುತ್ತದೆ. ಓಡಿಸುವುದು ಎಷ್ಟು ಕಷ್ಟ, ಯಾವ ಕೆಲಸಕ್ಕೆ ಲಾಯಕ್ಕು, ಯಾವ ತಪ್ಪನ್ನು ಕ್ಷಮಿಸುತ್ತದೆ, ಯಾವುದನ್ನು ಕ್ಷಮಿಸುವುದಿಲ್ಲ, ಎಲ್ಲಕ್ಕೂ ಸುಳಿವು ಅಲ್ಲೇ ಸಿಗುತ್ತದೆ. ಹಾಗಾಗಿ ಈ ಹೋಲಿಕೆಯನ್ನು ಕಂಪನಿಗಳ ಪಟ್ಟಿಯಾಗಿ ಬರೆಯದೆ, ಕಂಟ್ರೋಲ್‌ಗಳ ಕಡೆಯಿಂದ ಬರೆಯುತ್ತಿದ್ದೇನೆ. ಕೊಳ್ಳುವವರಿಗೆ ಮಾತ್ರ ಅಲ್ಲ, ಪೈಲಟ್ ತರಬೇತಿಗೆ ಸೇರುವವರಿಗೆ, ಪ್ರವಾಸ ಹೋದಾಗ ಒಂದು ಸವಾರಿ ಮಾಡೋಣ ಅನ್ನುವವರಿಗೆ, ಕಾಲೇಜಿನಲ್ಲಿ ಒಂದನ್ನು ಕಟ್ಟಬೇಕು ಅನ್ನುವ ಹುಡುಗ ಹುಡುಗಿಯರಿಗೂ ಇದು ಬೇಕಾಗಬಹುದು.

ಪೈಲಟ್ ಕೈಯಲ್ಲಿ ನಿಜವಾಗಿ ಏನಿರುತ್ತದೆ

ಕಣ್ಣಿಗೆ ಮೊದಲು ಬೀಳುವುದು ಜಾಯ್‌ಸ್ಟಿಕ್. ಹಾಗಾಗಿ ಸಬ್ ಓಡಿಸುವುದು ಅಂದರೆ ಜಾಯ್‌ಸ್ಟಿಕ್ ಆಡಿಸುವುದು ಅಂದುಕೊಳ್ಳುತ್ತೇವೆ. ಅದು ಕೆಲಸದ ಒಂದು ಪಾಲು ಮಾತ್ರ.

ದೊಡ್ಡ ಕೆಲಸ ತೂಕದ್ದು. ಸಬ್‌ನ ಹೊರಗೆ ದೊಡ್ಡ ಬ್ಯಾಲಾಸ್ಟ್ ಟ್ಯಾಂಕ್‌ಗಳಿರುತ್ತವೆ. ಮೇಲೆ ತೇಲುವಾಗ ಅವುಗಳಲ್ಲಿ ಗಾಳಿ, ಒಳಗೆ ಇಳಿಯುವಾಗ ಪೂರ್ತಿ ನೀರು. ಅರ್ಧಂಬರ್ಧ ತುಂಬಿಸಿ ಇಳಿಯುವ ಹಾಗಿಲ್ಲ. ಉಳಿದ ಗಾಳಿ ಆಳಕ್ಕೆ ಹೋದಂತೆ ಕುಗ್ಗುತ್ತದೆ, ಸಬ್ ಇನ್ನೂ ಭಾರವಾಗುತ್ತದೆ, ಇಳಿಯುವ ವೇಗ ತಾನಾಗಿ ಏರುತ್ತದೆ. ಇದಲ್ಲದೆ ಇನ್ನೊಂದು ಸಣ್ಣ, ಗಟ್ಟಿ ಟ್ಯಾಂಕ್ ಇರುತ್ತದೆ. ಅದರಲ್ಲಿ ಲೀಟರ್ ಲೆಕ್ಕದಲ್ಲಿ ನೀರು ಒಳಗೆ ಬಿಡಬಹುದು, ಹೊರಗೆ ತಳ್ಳಬಹುದು. ಸಬ್ ಮೇಲೂ ಹೋಗದೆ ಕೆಳಗೂ ಹೋಗದೆ ನಿಲ್ಲುವ ಹದ ಸಿಗುವುದು ಈ ಸಣ್ಣ ಟ್ಯಾಂಕಿನಿಂದ. ಕೊನೆಗೆ, ತುರ್ತಿನಲ್ಲಿ ಕಳಚಿ ಬಿಡುವ ಭಾರದ ಗಟ್ಟಿ ಒಂದಿರುತ್ತದೆ. ಅದು ಬಿದ್ದರೆ ಸಬ್ ಮೇಲೇರಲೇಬೇಕು.

ಥ್ರಸ್ಟರ್ ಅಂದರೆ ಮೋಟಾರಿನಿಂದ ತಿರುಗುವ ಪ್ರೊಪೆಲರ್, ಅದರ ಕೆಲಸ ತಳ್ಳುವುದು. ಎರಡು ಬದಿಯಲ್ಲಿ ಒಂದೊಂದು ಇದ್ದರೆ ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಗಿಸಿ ನಿಂತಲ್ಲೇ ತಿರುಗಬಹುದು. ಮೇಲೆ ಕೆಳಗೆ ತಳ್ಳಲು ಬೇರೆ ಥ್ರಸ್ಟರ್‌ಗಳಿರುತ್ತವೆ.

ಇನ್ನು ಉಸಿರು. ಒಳಗಿನ ಗಾಳಿಯಲ್ಲಿ ಆಮ್ಲಜನಕ ಶೇ 21ರ ಆಸುಪಾಸಿನಲ್ಲಿ ಇರಬೇಕು. ನಾವು ಬಿಡುವ ಇಂಗಾಲದ ಡೈಆಕ್ಸೈಡ್ ಅನ್ನು ಫ್ಯಾನ್ ಒಂದು ಸುಣ್ಣದ ಕಾಳುಗಳ ಡಬ್ಬಿಯ ಮೂಲಕ ಹಾಯಿಸಿ ತೆಗೆಯುತ್ತದೆ. ಪೈಲಟ್ ಆಗಾಗ ಈ ಅಂಕಿಗಳನ್ನು ಓದಿ ಬರೆದಿಡುತ್ತಾರೆ. ಹೊಸಬರು ಪಕ್ಕದಲ್ಲಿ ಕೂತಾಗ ಮೀನು ನೋಡುತ್ತಾರೆ, ಪೈಲಟ್ ಗೇಜ್ ನೋಡುತ್ತಿರುತ್ತಾರೆ. ಒಳ್ಳೆಯ ಪೈಲಟ್ ಯಾರು ಅಂತ ತಿಳಿಯಲು ಜಾಯ್‌ಸ್ಟಿಕ್ ಮೇಲಿನ ಕೈ ನೋಡಬೇಡಿ, ಅವರ ಕಣ್ಣು ಎಷ್ಟು ಸಲ ಗೇಜಿನ ಕಡೆ ಹೋಗುತ್ತದೆ ನೋಡಿ.

ನಿಲ್ಲುವ ಸಬ್, ಹಾರುವ ಸಬ್

ಮುಖ್ಯ ಆಯ್ಕೆ ಇಲ್ಲಿದೆ. ಹಾಗಾಗಿ ಇಲ್ಲೇ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಮೊದಲನೆಯ ಜಾತಿ, ನಿಲ್ಲುವ ಸಬ್. ಫ್ಲಾರಿಡಾದ ಟ್ರೈಟನ್, ನೆದರ್ಲೆಂಡ್ಸ್‌ನ ಯು-ಬೋಟ್ ವರ್ಕ್ಸ್, ಕ್ಯಾಲಿಫೋರ್ನಿಯಾದ ಸೀಮ್ಯಾಜಿನ್ ಹೆಚ್ಚಾಗಿ ಇಂಥವನ್ನೇ ಕಟ್ಟುತ್ತವೆ. ಗಾಜಿನಂತೆ ಆಚೆ ಕಾಣುವ ದಪ್ಪ ಅಕ್ರಿಲಿಕ್ ಪ್ಲಾಸ್ಟಿಕ್ ಗೋಳ, ಅದರೊಳಗೆ ಎರಡು ಮೂರು ಕುರ್ಚಿ, ಸುತ್ತ ಟ್ಯಾಂಕ್, ಬ್ಯಾಟರಿ, ಥ್ರಸ್ಟರ್. ಗೋಳದ ಒಳಗೆ ನಾವು ದಡದಲ್ಲಿ ಉಸಿರಾಡುವ ಅದೇ ಒತ್ತಡ. ಹೊರಗೆ ಪ್ರತಿ 10 ಮೀಟರ್‌ಗೆ ಒಂದು ವಾತಾವರಣದಷ್ಟು ಒತ್ತಡ ಸೇರುತ್ತಾ ಹೋಗುತ್ತದೆ. ಟ್ರೈಟನ್ 3300/3 ಅನ್ನುವ ಮಾದರಿ ಮೂರು ಜನರನ್ನು 3,300 ಅಡಿ, ಅಂದರೆ 1,000 ಮೀಟರ್ ಆಳಕ್ಕೆ ಒಯ್ಯುತ್ತದೆ. ಹೆಸರಿನಲ್ಲೇ ಆಳವೂ ಇದೆ, ಕುರ್ಚಿಗಳ ಲೆಕ್ಕವೂ ಇದೆ.

ಇದನ್ನು ಇಳಿಸುವ ರೀತಿ ನೋಡಿ. ಹತ್ತುವ ಮೊದಲು ಎಲ್ಲರನ್ನೂ ತೂಗುತ್ತಾರೆ, ಕ್ಯಾಮೆರಾ ಬ್ಯಾಗನ್ನೂ ಬಿಡುವುದಿಲ್ಲ. ಕಡಿಮೆ ಬಿದ್ದಷ್ಟು ಸೀಸದ ತೂಕ ಇಡುತ್ತಾರೆ. ಆಮೇಲೆ ಟ್ಯಾಂಕಿನ ಮೇಲಿನ ವಾಲ್ವ್ ತೆರೆದರೆ ಗಾಳಿ ಬುಸ್ಸೆಂದು ಹೊರಗೆ ಹೋಗುತ್ತದೆ, ಕೆಳಗಿನಿಂದ ನೀರು ತುಂಬುತ್ತದೆ, ಗೋಳದ ನೆತ್ತಿ ಮಾತ್ರ ನೀರಿನ ಮಟ್ಟದಲ್ಲಿ ಉಳಿಯುತ್ತದೆ. ಲೆಕ್ಕ ಸರಿ ಇದ್ದರೆ ಸಬ್ ಇಲ್ಲಿ ಮುಳುಗುವುದಿಲ್ಲ, ತೇಲುವುದೂ ಇಲ್ಲ, ತೂಗಾಡುತ್ತದೆ. ಈಗ ಪೈಲಟ್ ಸಣ್ಣ ಟ್ಯಾಂಕಿಗೆ ಕೆಲವು ಲೀಟರ್ ನೀರು ಬಿಡುತ್ತಾರೆ, ಅಥವಾ ಸಬ್ ಅನ್ನು ಚೂರು ಹಗುರವಾಗೇ ಇಟ್ಟು ಮೇಲೆ ಕೆಳಗೆ ತಳ್ಳುವ ಥ್ರಸ್ಟರ್‌ನಿಂದ ಕೆಳಗೆ ತಳ್ಳುತ್ತಾರೆ. ಎಷ್ಟೋ ಪೈಲಟ್‌ಗಳಿಗೆ ಎರಡನೆಯದೇ ಇಷ್ಟ. ಖಾಲಿ ಕೊಡವನ್ನು ಬಾವಿಯಲ್ಲಿ ಅದುಮಿದ ಹಾಗೆ, ಕೈ ಬಿಟ್ಟರೆ ಅದು ಮೇಲಕ್ಕೇ ಬರುತ್ತದೆ.

ಆದರೆ ತಳದ ಹತ್ತಿರ ಬಂದಾಗ ಈ ಅಭ್ಯಾಸ ಕೈಕೊಡುತ್ತದೆ. ಹಗುರ ಸಬ್ ಅನ್ನು ಆಳದಲ್ಲಿ ಹಿಡಿದಿಡಲು ಥ್ರಸ್ಟರ್ ತಿರುಗುತ್ತಲೇ ಇರಬೇಕು, ಅದು ನೀರನ್ನು ಮೇಲಕ್ಕೆ ಎಸೆಯುತ್ತದೆ. ಭಾರದ ಸಬ್ ಆದರೆ ನೀರನ್ನು ಕೆಳಕ್ಕೆ ಎಸೆಯುತ್ತದೆ, ತಳದ ಹೂಳು ಎದ್ದು ಹತ್ತು ಸೆಕೆಂಡಿನಲ್ಲಿ ಹೊರಗೆ ಏನೂ ಕಾಣದಂತಾಗುತ್ತದೆ. ಹವಳದ ಹತ್ತಿರ ಎರಡೂ ಬೇಡ. ಅಲ್ಲಿ ಥ್ರಸ್ಟರ್ ನಿಲ್ಲಿಸಿ, ಸಣ್ಣ ಟ್ಯಾಂಕಿನ ನೀರಿನಿಂದಲೇ ಹದ ಹಿಡಿಯಬೇಕು. ಅದಕ್ಕೇ ನಿಲ್ಲುವ ಸಬ್‌ಗಳನ್ನು ಹೋಲಿಸುವಾಗ ಥ್ರಸ್ಟರ್‌ಗಳ ಕಿಲೋವ್ಯಾಟ್ ಕೇಳುವುದಕ್ಕಿಂತ ಸಣ್ಣ ಟ್ಯಾಂಕ್ ಎಷ್ಟು ದೊಡ್ಡದು, ಪಂಪ್ ಎಷ್ಟು ನಿಧಾನವಾಗಿ, ಎಷ್ಟು ಸದ್ದಿಲ್ಲದೆ ಕೆಲಸ ಮಾಡುತ್ತದೆ ಅಂತ ಕೇಳಿ. ಪೂರ್ತಿ ಆಳದಲ್ಲೂ ಆ ಪಂಪ್ ನೀರನ್ನು ಹೊರಗೆ ತಳ್ಳಬಲ್ಲದಾ ಅನ್ನುವುದನ್ನೂ ಬಿಡಬೇಡಿ.

ಹದ ಒಮ್ಮೆ ಸಿಕ್ಕರೆ ಮುಗಿಯಿತು ಅಂತಲೂ ಇಲ್ಲ. ಆಳಕ್ಕೆ ಹೋದಂತೆ ಒತ್ತಡಕ್ಕೆ ಗೋಳ ಚೂರೇ ಚೂರು ಕುಗ್ಗುತ್ತದೆ, ಆಗ ಸಬ್ ಭಾರವಾಗುತ್ತದೆ. ನೀರು ತಣ್ಣಗಾಗಿ ದಟ್ಟವಾಗುತ್ತದೆ, ಆಗ ಸಬ್ ಹಗುರವಾಗುತ್ತದೆ. ಬೆಚ್ಚಗಿನ ನೀರಿನಿಂದ ತಣ್ಣನೆಯ ಪದರಕ್ಕೆ ಇಳಿಯುವಾಗ ಸಬ್ ಅಲ್ಲೇ ತಡೆದು ನಿಂತುಬಿಡುವುದೂ ಉಂಟು. ಹೊಸ ಪೈಲಟ್ ಗಾಬರಿಯಾಗಿ ಜಾಸ್ತಿ ನೀರು ಬಿಟ್ಟರೆ, ಪದರ ದಾಟಿದ ಮೇಲೆ ಸಬ್ ಬೇಗ ಬೇಗ ಇಳಿಯತೊಡಗುತ್ತದೆ. ಇನ್ನೊಂದು ಮಾತು, ಇದಕ್ಕೆ ಬ್ರೇಕ್ ಇಲ್ಲ. ಏಳೆಂಟು ಟನ್ ತೂಕದ ಸಬ್ ತನ್ನ ಸುತ್ತಲಿನ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಬಂಡೆಗೆ ಬಹಳ ಮೊದಲೇ ಜಾಯ್‌ಸ್ಟಿಕ್ ಹಿಂದಕ್ಕೆ ಎಳೆದು ಕಾಯಬೇಕು. ಕಾಯಲು ಬಾರದವರು ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ಎಳೆದು ಬ್ಯಾಟರಿ ಖಾಲಿ ಮಾಡುತ್ತಾರೆ.

ಇಷ್ಟೆಲ್ಲ ತಾಳ್ಮೆಗೆ ಸಿಗುವ ಫಲ ದೊಡ್ಡದು. 2012ರಲ್ಲಿ ಜಪಾನಿನ ಒಗಸವಾರ ದ್ವೀಪಗಳ ಹತ್ತಿರ ವಿಜ್ಞಾನಿ ತ್ಸುನೆಮಿ ಕುಬೊಡೆರಾ ಒಂದು ಟ್ರೈಟನ್ 3300/3ರಲ್ಲಿ ಕೂತು, ಜೀವಂತ ದೈತ್ಯ ಸ್ಕ್ವಿಡ್ ಅನ್ನು ಅದರದೇ ಆಳದಲ್ಲಿ ಕಣ್ಣಾರೆ ನೋಡಿದರು. ಸುಮಾರು 630 ಮೀಟರ್ ಆಳದಲ್ಲಿ ಅದು ಕಾಣಿಸಿಕೊಂಡಿತು. ಅದು ಇಳಿದಂತೆ ಇವರೂ ಸುಮಾರು 900 ಮೀಟರ್‌ವರೆಗೆ ಜೊತೆಗೇ ಇಳಿದರು. ಸದ್ದು ಮಾಡದೆ ಒಂದು ಪ್ರಾಣಿಯ ಜೊತೆ ನೀರಿನಲ್ಲಿ ತೂಗಾಡುವುದು ನಿಲ್ಲುವ ಸಬ್‌ಗೆ ಮಾತ್ರ ಸಾಧ್ಯ. ನೋಡುವುದು, ಫೋಟೋ ತೆಗೆಯುವುದು, ಸಂಶೋಧನೆ, ವಯಸ್ಸಾದ ಅಪ್ಪ ಅಮ್ಮನಿಗೆ ಹವಳ ತೋರಿಸುವುದು, ಇದರಲ್ಲಿ ಯಾವುದಾದರೂ ನಿಮ್ಮ ಗುರಿಯಾಗಿದ್ದರೆ ಬೇರೆ ಯೋಚನೆಯೇ ಬೇಡ.

ಎರಡನೆಯ ಜಾತಿ, ಹಾರುವ ಸಬ್. ಇದರ ಹಿಂದಿರುವ ವಿನ್ಯಾಸಕಾರ ಗ್ರಹಾಂ ಹಾಕ್ಸ್. ಅವರ ಡೀಪ್‌ಫ್ಲೈಟ್ ಸೂಪರ್ ಫಾಲ್ಕನ್‌ನಲ್ಲಿ ಇಬ್ಬರು ಒಬ್ಬರ ಹಿಂದೊಬ್ಬರು ಕೂರುತ್ತಾರೆ, ಬದಿಗೆ ರೆಕ್ಕೆಗಳಿವೆ. ವಿಮಾನದ ರೆಕ್ಕೆ ಮೇಲಕ್ಕೆ ಎತ್ತುತ್ತದೆ, ಇದರ ರೆಕ್ಕೆ ಕೆಳಕ್ಕೆ ಒತ್ತುತ್ತದೆ. ಯಾಕೆಂದರೆ ಈ ಸಬ್ ಯಾವಾಗಲೂ ನೀರಿಗಿಂತ ಹಗುರ. ಓಡುತ್ತಿದ್ದರೆ ಮಾತ್ರ ಒಳಗಿರುತ್ತದೆ, ನಿಂತರೆ ಮೇಲೆ ಬರುತ್ತದೆ. ಕೈ ಬಿಟ್ಟರೆ ಏನಾಗುತ್ತದೆ ಅನ್ನುವ ಪ್ರಶ್ನೆಗೆ ಇಷ್ಟು ನೇರ ಉತ್ತರ ಕೊಡುವ ವಿನ್ಯಾಸ ಇನ್ನೊಂದಿಲ್ಲ. ಮೋಟಾರ್ ಕೆಟ್ಟರೂ, ಬ್ಯಾಟರಿ ಸತ್ತರೂ, ಪೈಲಟ್ ಮೂರ್ಛೆ ಹೋದರೂ ಉತ್ತರ ಅದೇ. ಯಾವ ಟ್ಯಾಂಕ್ ಊದಬೇಕಾಗಿಲ್ಲ, ಯಾವ ವಾಲ್ವ್ ನೆನಪಿಡಬೇಕಾಗಿಲ್ಲ.

ಓಡಿಸುವುದೂ ಕಲಿಯಲು ಸುಲಭ. ಜಾಯ್‌ಸ್ಟಿಕ್ ಮುಂದಕ್ಕೆ ತಳ್ಳಿದರೆ ಮೂತಿ ಕೆಳಗೆ, ಹಿಂದಕ್ಕೆ ಎಳೆದರೆ ಮೇಲೆ, ಪಕ್ಕಕ್ಕೆ ವಾಲಿಸಿದರೆ ತಿರುವು. ನೀರಿನಲ್ಲಿ ಹೀಗೆ ಹಾರುವ ಸುಖವನ್ನು ಗೋಳದ ಸಬ್ ಯಾವತ್ತೂ ಕೊಡಲಾರದು. ಟ್ರೈಟನ್ 3300/3ರ ಗರಿಷ್ಠ ವೇಗ ಸುಮಾರು 3 ನಾಟ್, ಅಂದರೆ ಗಂಟೆಗೆ ಐದೂವರೆ ಕಿಲೋಮೀಟರ್, ನಡಿಗೆಗಿಂತ ಸ್ವಲ್ಪ ಬಿರುಸು ಅಷ್ಟೇ. ಫಾಲ್ಕನ್ ಅದನ್ನು ಆರಾಮವಾಗಿ ಹಿಂದೆ ಹಾಕುತ್ತದೆ. ಆಳದ ವಿಷಯದಲ್ಲಿ ಮಾತ್ರ ಅದು ಸಾಧು ಪ್ರಾಣಿ, ಸೂಪರ್ ಫಾಲ್ಕನ್ ಎರಡನೆಯ ಮಾದರಿಯ ಮಿತಿ 120 ಮೀಟರ್.

ಇದರ ಕಷ್ಟ ಎಲ್ಲಿ ಅಂದರೆ, ರೆಕ್ಕೆಯ ಬಲ ವೇಗದ ವರ್ಗದಂತೆ ಏರಿಳಿಯುತ್ತದೆ. ವೇಗ ಅರ್ಧಕ್ಕೆ ಇಳಿದರೆ ಒತ್ತುವ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಒಂದು ಆಮೆ ಕಂಡಿತು ಅಂತ ನಿಧಾನ ಮಾಡಿದಿರೋ, ಮೂತಿಯನ್ನು ಇನ್ನಷ್ಟು ಕೆಳಗೆ ಮಾಡಬೇಕು. ಇನ್ನೂ ನಿಧಾನ ಮಾಡಿದರೆ ರೆಕ್ಕೆ ಸೋಲುತ್ತದೆ, ನೀವು ಮೇಲೆ ಹೋಗುತ್ತೀರಿ, ಆಮೆ ಕೆಳಗೇ ಉಳಿಯುತ್ತದೆ. ಇಕ್ಕಟ್ಟಾದ ಬಂಡೆ ಸಂದು, ಹಡಗಿನ ಅವಶೇಷ, ತಳಕ್ಕೆ ಹತ್ತಿರದ ಕೆಲಸ ಇದಕ್ಕಲ್ಲ. ತೆರೆದ ನೀಲಿ ನೀರು, ತಿಮಿಂಗಿಲ, ಡಾಲ್ಫಿನ್, ಇಳಿಜಾರಾದ ಬಂಡೆಗೋಡೆಯ ಪಕ್ಕ ಉದ್ದಕ್ಕೆ ಹೋಗುವುದು, ಇದಕ್ಕೆಲ್ಲ ಹೇಳಿ ಮಾಡಿಸಿದ ಹಾಗಿದೆ. ಎರಡೂ ಬೇಕು ಅನ್ನುವವರಿಗಾಗಿ ಮಿಶ್ರ ಮಾದರಿಗಳು ಬಂದಿವೆ. ಯು-ಬೋಟ್ ವರ್ಕ್ಸ್‌ನ ಸೂಪರ್ ಸಬ್ ಉದ್ದನೆಯ ಮೈ, ರೆಕ್ಕೆ ಇರುವ ಸಬ್, ನಿಂತು ನೋಡಲೂ ಬರುತ್ತದೆ. ಎರಡು ರೀತಿಯ ಕಂಟ್ರೋಲ್ ಇದ್ದರೆ ಕಲಿಯಬೇಕಾದ್ದೂ ಎರಡು ಅನ್ನುವುದು ನೆನಪಿರಲಿ.

ರೆಕ್ಕೆಯ ಮಾತು ಬಂದಾಗ ಕಾರ್ಲ್ ಸ್ಟ್ಯಾನ್ಲಿಯನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಹದಿಹರೆಯದಲ್ಲೇ ಅವರು ಕಟ್ಟಲು ಶುರು ಮಾಡಿದ ಮೊದಲ ಸಬ್‌ಗೆ ಮೋಟಾರೇ ಇರಲಿಲ್ಲ. ಭಾರ ಮಾಡಿಕೊಂಡು ಇಳಿಯುವಾಗ ರೆಕ್ಕೆಯ ಮೇಲೆ ಜಾರುತ್ತಾ ಮುಂದೆ ಹೋಗುವುದು, ಹಗುರ ಮಾಡಿಕೊಂಡು ಏರುವಾಗ ಮತ್ತೆ ಜಾರುತ್ತಾ ಮುಂದೆ ಹೋಗುವುದು. ತೂಕವೇ ಅದರ ಇಂಜಿನ್. ಆಮೇಲೆ ಅವರು ಇಡಬೆಲ್ ಅನ್ನುವ ಇನ್ನೊಂದು ಸಬ್ ಕಟ್ಟಿ, ಹೊಂಡುರಾಸ್‌ನ ರೊವಾಟಾನ್ ದ್ವೀಪದಲ್ಲಿ ಪ್ರವಾಸಿಗರನ್ನು ನೂರಾರು ಮೀಟರ್ ಆಳಕ್ಕೆ ಇಳಿಸುತ್ತಾ ಬಂದರು.

ಈ ಪ್ರಶ್ನೆ ತಲೆಕೆಳಗಾಗುವ ಜಾಗ: ಒದ್ದೆ ಸಬ್

ಮೂರನೆಯ ಜಾತಿಯಲ್ಲಿ ಒಳಗೂ ನೀರೇ. ಮೈ ಬರೀ ಒಂದು ಹೊದಿಕೆ, ಕೂತವರು ಸ್ಕೂಬಾ ಸಿಲಿಂಡರಿನಿಂದ ಉಸಿರಾಡುತ್ತಾರೆ. ದಪ್ಪ ಗೋಳ ಬೇಕಿಲ್ಲ, ಹಾಗಾಗಿ ಹಗುರ, ಖರ್ಚೂ ಕಡಿಮೆ. ಇಂಜಿನಿಯರಿಂಗ್ ಓದುವವರು ಕಟ್ಟಬಹುದಾದದ್ದು ಇದೇ. ಅಮೆರಿಕದಲ್ಲಿ 1989ರಿಂದ ನಡೆಯುವ ಅಂತಾರಾಷ್ಟ್ರೀಯ ಸಬ್‌ಮರೀನ್ ರೇಸ್‌ನಲ್ಲಿ ವಿದ್ಯಾರ್ಥಿಗಳು ಪೆಡಲ್ ತುಳಿದು ಓಡಿಸುವ ಇಂಥ ಸಬ್‌ಗಳನ್ನೇ ತರುತ್ತಾರೆ.

ಕೈ ಬಿಟ್ಟರೆ ಮೇಲೆ ಬರುವುದು ಒಳ್ಳೆಯದು ಅಂತ ಇಲ್ಲಿಯವರೆಗೆ ಹೇಳಿದೆ ಅಲ್ವಾ? ಒದ್ದೆ ಸಬ್‌ನಲ್ಲಿ ಅದೇ ಅಪಾಯ. ಗೋಳದ ಸಬ್‌ನಲ್ಲಿ ಕೂತವರ ಮೈಮೇಲೆ ದಡದ ಒತ್ತಡವೇ ಇರುತ್ತದೆ. ಅವರು ಎಷ್ಟು ಬೇಗ ಮೇಲೆ ಬಂದರೂ ಮೈಗೆ ಏನೂ ಆಗುವುದಿಲ್ಲ. ಒದ್ದೆ ಸಬ್‌ನಲ್ಲಿ 10 ಮೀಟರ್ ಕೆಳಗಿರುವವರು ಎರಡು ಪಟ್ಟು ಒತ್ತಡದ ಗಾಳಿ ಉಸಿರಾಡುತ್ತಿರುತ್ತಾರೆ. ಉಸಿರು ಬಿಗಿಹಿಡಿದು ಸರ್ರನೆ ಮೇಲೆ ಬಂದರೆ ಶ್ವಾಸಕೋಶದೊಳಗಿನ ಗಾಳಿ ಹಿಗ್ಗಿ ಅಂಗಾಂಶವನ್ನೇ ಹರಿಯಬಹುದು. ಹಾಗಾಗಿ ಒದ್ದೆ ಸಬ್ ಕೈ ಬಿಟ್ಟಾಗ ಇದ್ದಲ್ಲೇ ನಿಲ್ಲಬೇಕು, ಮೇಲಿನವರಿಗೆ ಸುದ್ದಿ ಮಾತ್ರ ಹೋಗಬೇಕು. ಆ ರೇಸ್‌ನ ನಿಯಮ ಇದನ್ನೇ ಹೇಳುತ್ತದೆ. ಪೈಲಟ್ ಒಂದು ಹಿಡಿಯನ್ನು ಒತ್ತಿಕೊಂಡೇ ಇರಬೇಕು. ಕೈ ಸಡಿಲವಾದರೆ ದಾರ ಕಟ್ಟಿದ ಒಂದು ತೇಲುಬುರುಡೆ ತಾನಾಗಿ ಮೇಲೆ ಹೋಗಿ ತೇಲುತ್ತದೆ, ಕಾಯುತ್ತಿರುವ ಡೈವರ್‌ಗಳು ದಾರ ಹಿಡಿದು ಇಳಿಯುತ್ತಾರೆ. ಕಾಲೇಜಿನಲ್ಲಿ ಕಟ್ಟುವವರು ಪ್ರೊಪೆಲರ್ ವಿನ್ಯಾಸಕ್ಕೆ ಮೊದಲು ಈ ಹಿಡಿ, ಈ ಬುರುಡೆಯ ವಿನ್ಯಾಸ ಮುಗಿಸಿಕೊಳ್ಳಿ. ಸ್ಕೂಬಾ ಸರ್ಟಿಫಿಕೇಟ್ ಇಲ್ಲದವರು ಒಳಗೆ ಕೂರಲೇಬಾರದು.

ಶಾರ್ಕ್, ಡಾಲ್ಫಿನ್ ಆಕಾರದ ಸೀಬ್ರೀಚರ್ ಅನ್ನು ಇವುಗಳ ಜೊತೆ ಸೇರಿಸಿ ಕೇಳುವವರಿದ್ದಾರೆ. ಅದರ ಇಂಜಿನ್‌ಗೆ ಗಾಳಿ ಬೇಕು. ನೀರಿನ ಮೇಲ್ಮೈಯಲ್ಲಿ ಮುಳುಗಿ ಚಿಮ್ಮುವ ಮೋಜಿನ ದೋಣಿ ಅದು, ಸಬ್‌ಮರೀನ್ ಅಲ್ಲ. ಮೋಜಿಗೆ ತುಂಬ ಚೆನ್ನಾಗಿದೆ, ಹೋಲಿಕೆ ಬೇಡ.

ವಾಲ್ವ್, ಪರದೆ, ಗೇಮ್ ಕಂಟ್ರೋಲರ್

ಅಮೆರಿಕದ ನೌಕಾಪಡೆಯಲ್ಲಿದ್ದ ಜಾರ್ಜ್ ಕಿಟ್ರೆಜ್ ಕೆ-350 ಅನ್ನುವ ಉಕ್ಕಿನ ಪುಟ್ಟ ಸಬ್‌ನ ನಕ್ಷೆ ಮಾಡಿದ್ದರು. 350 ಅಡಿ ಅದರ ಮಿತಿ. ಮನೆಯ ಶೆಡ್ಡಿನಲ್ಲಿ ಸಬ್ ಕಟ್ಟುವ ಹವ್ಯಾಸಿಗಳು ಇಂದಿಗೂ ಆ ನಕ್ಷೆಯ ಮಾತಾಡುತ್ತಾರೆ. ಇಂಥ ಸಬ್‌ನಲ್ಲಿ ಕಂಟ್ರೋಲ್ ಅಂದರೆ ಪೈಪು, ವಾಲ್ವ್, ಸ್ವಿಚ್, ಗೇಜ್. ನೋಡಲು ಹಳೆಯ ಕಾಲದ್ದು. ಆದರೆ ಬಾಲ್ ವಾಲ್ವಿನ ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡಕ್ಕೆ ಇದ್ದರೆ ಮುಚ್ಚಿದೆ. ಲೈಟ್ ಹೋದಾಗ ಕತ್ತಲಲ್ಲಿ ಕೈಯಾಡಿಸಿ ಸಬ್‌ನ ಪೂರ್ತಿ ಸ್ಥಿತಿ ತಿಳಿಯಬಹುದು. ಯಾವ ಪರದೆಯೂ ಈ ಅನುಕೂಲ ಕೊಡುವುದಿಲ್ಲ. ತೊಂದರೆಯೂ ಅಲ್ಲೇ ಇದೆ. ಯಾವುದಾದ ಮೇಲೆ ಯಾವುದು ಅನ್ನುವ ಕ್ರಮ ಪೈಲಟ್‌ನ ತಲೆಯಲ್ಲಿರಬೇಕು, ತಪ್ಪಿದರೆ ತಡೆಯುವವರಿಲ್ಲ.

ಹೊಸ ಸಬ್‌ಗಳಲ್ಲಿ ಕಂಪ್ಯೂಟರ್ ತಡೆಯುತ್ತದೆ. ಯು-ಬೋಟ್ ವರ್ಕ್ಸ್‌ನ ಸಬ್‌ಗಳಲ್ಲಿ ಪೈಲಟ್ ಕಾಲಕಾಲಕ್ಕೆ ತಾನು ಎಚ್ಚರ ಇದ್ದೇನೆ ಅಂತ ಬಟನ್ ಒತ್ತಬೇಕು, ಒತ್ತದಿದ್ದರೆ ಸಬ್ ತಾನೇ ಮೇಲೇರುತ್ತದೆ. ನಿಗದಿಯಾದ ಆಳ ಮೀರಿದರೂ ಹಾಗೇ. ಕೈ ಬಿಟ್ಟರೆ ಏನಾಗುತ್ತದೆ ಅನ್ನುವ ಪ್ರಶ್ನೆಗೆ ಅಲ್ಲಿ ರೆಕ್ಕೆ ಉತ್ತರ ಕೊಟ್ಟರೆ, ಇಲ್ಲಿ ಸಾಫ್ಟ್‌ವೇರ್ ಕೊಡುತ್ತದೆ. ಕೈಯಲ್ಲಿ ಹಿಡಿಯುವ ಕಂಟ್ರೋಲರ್ ಅನ್ನು ಅತಿಥಿಯ ಕೈಗೆ ಕೊಟ್ಟು ಸ್ವಲ್ಪ ಹೊತ್ತು ಓಡಿಸಲು ಬಿಡುವುದೂ ಇದರಿಂದ ಸಾಧ್ಯವಾಗಿದೆ. ನನಗೆ ಇದು ಇಷ್ಟವೇ, ಒಂದು ಷರತ್ತಿನ ಮೇಲೆ. ಕರೆಂಟ್ ಪೂರ್ತಿ ಹೋದಾಗ ಭಾರ ಕಳಚಲು, ಟ್ಯಾಂಕಿಗೆ ಗಾಳಿ ಊದಲು ಕೈಯಿಂದಲೇ ಆಗುವ ದಾರಿ ಇರಬೇಕು. ಮಾರುವವರು ಇದೆ ಅಂದರೆ ಸಾಲದು. ಕುರ್ಚಿಯಲ್ಲಿ ಕೂತು, ಬೆಲ್ಟ್ ಹಾಕಿಕೊಂಡು, ಕಣ್ಣು ಮುಚ್ಚಿ ಆ ಹಿಡಿಗೆ ನಿಮ್ಮ ಕೈ ಎಟುಕುತ್ತದಾ ನೋಡಿ.

ಈಗ ಟೈಟನ್ ವಿಷಯ (ಮೇಲೆ ಹೇಳಿದ ಟ್ರೈಟನ್ ಅಲ್ಲ, ಇದು ಬೇರೆ). 2023ರ ಜೂನ್ 18ರಂದು ಟೈಟಾನಿಕ್ ಅವಶೇಷದ ಕಡೆ ಇಳಿಯುವಾಗ ಓಷನ್‌ಗೇಟ್ ಕಂಪನಿಯ ಟೈಟನ್ ಒತ್ತಡಕ್ಕೆ ಒಳಕುಸಿದು ಐವರು ತೀರಿಕೊಂಡರು. ಆಮೇಲೆ ಎಲ್ಲ ಕಡೆ ಓಡಾಡಿದ್ದು ಅದರ ಲಾಜಿಟೆಕ್ ಗೇಮ್ ಕಂಟ್ರೋಲರ್ ಫೋಟೋ. ಐದು ಜೀವ ಹೋದ ದುರಂತದಲ್ಲಿ ಜನರ ಕಣ್ಣು ತಪ್ಪು ವಸ್ತುವಿನ ಮೇಲೆ ಬಿತ್ತು ಅನ್ನುವುದು ನನಗೆ ಇವತ್ತಿಗೂ ಬೇಸರ. ಕುಸಿದದ್ದು ಕಾರ್ಬನ್ ಫೈಬರ್ ಮೈ. ಹಡಗು, ಸಬ್‌ಗಳ ಸುರಕ್ಷತೆ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಯಾವ ವರ್ಗೀಕರಣ ಸಂಸ್ಥೆಯ ಪರೀಕ್ಷೆಗೂ ಆ ಸಬ್ ಒಳಪಟ್ಟಿರಲಿಲ್ಲ. 2018ರಲ್ಲೇ ಈ ರಂಗದ ಹಿರಿಯರು ಸೇರಿ ಕಂಪನಿಗೆ ಎಚ್ಚರಿಕೆಯ ಪತ್ರ ಬರೆದಿದ್ದರು. ಇದು ತಪ್ಪಿಸಬಹುದಾಗಿದ್ದ ದುರಂತ ಅಂತ ಅಮೆರಿಕದ ಕರಾವಳಿ ಪಡೆ 2025ರ ಆಗಸ್ಟ್‌ನ ವರದಿಯಲ್ಲಿ ಹೇಳಿತು. ಗೇಮ್ ಕಂಟ್ರೋಲರ್ ಬಗ್ಗೆ ಹೇಳುವುದಾದರೆ, 2018ರಲ್ಲಿ ಸೇವೆಗೆ ಬಂದ ಅಮೆರಿಕದ ಯುದ್ಧ ಸಬ್‌ಮರೀನ್ ಕೊಲೊರಾಡೊದಲ್ಲಿ ಪೆರಿಸ್ಕೋಪ್‌ನ ಬದಲಿಗೆ ಇರುವ ಕ್ಯಾಮೆರಾ ಕಂಬವನ್ನು ತಿರುಗಿಸುವುದು ಎಕ್ಸ್‌ಬಾಕ್ಸ್ ಕಂಟ್ರೋಲರ್‌ನಿಂದಲೇ. ಕೈಗೆ ಪಳಗಿದ, ಸುಲಭಕ್ಕೆ ಬದಲಿಸಬಹುದಾದ ವಸ್ತು ಕೆಟ್ಟದ್ದಲ್ಲ.

ಕಂಟ್ರೋಲ್‌ಗಳ ಬಗ್ಗೆ ಟೈಟನ್ ಕಲಿಸುವ ಪಾಠ ಬೇರೆ ಇದೆ. ಕೊನೆಯ ದುರಂತಕ್ಕೆ ಮುಂಚಿನ ಒಂದು ಇಳಿತದಲ್ಲಿ ಸಬ್ ಟೈಟಾನಿಕ್‌ನ ಹತ್ತಿರ ತಲುಪಿದ ಮೇಲೆ ಮುಂದಕ್ಕೆ ಹೋಗದೆ ಸುಮ್ನೆ ತಿರುಗತೊಡಗಿತು. ಒಂದು ಥ್ರಸ್ಟರ್ ಹಿಂದುಮುಂದಾಗಿ ಕೂತಿತ್ತು. ಕಂಟ್ರೋಲರ್‌ನ ಯಾವ ಬಟನ್‌ಗೆ ಯಾವ ದಿಕ್ಕು ಅನ್ನುವುದನ್ನೇ ಬದಲಿಸಿಕೊಂಡು ಕೆಲಸ ಮುಗಿಸಿದರು. ನೀರಿಗಿಳಿಯುವ ಮೊದಲು ಪ್ರತಿ ಥ್ರಸ್ಟರ್ ಅನ್ನು ಒಂದೊಂದಾಗಿ ತಿರುಗಿಸಿ, ಹೊರಗೆ ನಿಂತವರು ದಿಕ್ಕು ಕೂಗಿ ಹೇಳಿದ್ದರೆ ಎರಡು ನಿಮಿಷದ ಕೆಲಸ ಅದು. ನೀವು ಹತ್ತುವ ಸಬ್‌ನಲ್ಲಿ ಈ ಪರೀಕ್ಷೆ ನಡೆಯುತ್ತದಾ ಅಂತ ನೋಡಿ. ನಡೆಯದಿದ್ದರೆ ಹತ್ತಬೇಡಿ, ದುಡ್ಡು ಹೋದರೂ ಪರವಾಗಿಲ್ಲ.

ಕಂಟ್ರೋಲ್ ಬೋರ್ಡಿನಲ್ಲಿ ಇಲ್ಲದ ಸಂಗತಿಗಳು

ನೀರು ಯಾವುದು ಅನ್ನುವುದೂ ಆಯ್ಕೆಯ ಭಾಗ. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ಶೇ 2.5ರಷ್ಟು ದಟ್ಟ. ಕೇಳಲು ಸಣ್ಣ ಅಂಕಿ. ಆದರೆ ಸಮುದ್ರದಲ್ಲಿ ಸರಿಯಾಗಿ ತೂಗಾಡುವ 2,500 ಕಿಲೋ ಸಬ್ ಅನ್ನು ಹಾಗೇ ತಂದು ಕೆರೆಗೆ ಇಳಿಸಿದರೆ ಅದು ಸುಮಾರು 60 ಕಿಲೋ ಭಾರವಾಗಿರುತ್ತದೆ, ಕುರ್ಚಿಯಲ್ಲಿ ಇನ್ನೊಬ್ಬರು ಕೂತಷ್ಟು. ಸಣ್ಣ ಟ್ಯಾಂಕಿಗೆ ಈ ವ್ಯತ್ಯಾಸ ತೂಗಿಸುವ ಶಕ್ತಿ ಇಲ್ಲದಿದ್ದರೆ ಸೀಸ ತೆಗೆಯಬೇಕು. ನಮ್ಮ ಕರಾವಳಿಯ ಅಳಿವೆಗಳಲ್ಲಿ ಮಳೆಗಾಲದಲ್ಲಿ ಆಗುವ ಹಾಗೆ ನದಿಯ ಸಿಹಿನೀರು ಮೇಲೆ, ಉಪ್ಪುನೀರು ಕೆಳಗೆ ಪದರವಾಗಿ ನಿಂತ ಕಡೆ ಇನ್ನೂ ಗೊಂದಲ. ಮೇಲೆ ಭಾರ ಅನಿಸಿದ ಸಬ್ ಕೆಳಗೆ ಹಗುರ ಅನಿಸುತ್ತದೆ.

ಇನ್ನು ಮೇಲ್ಮೈ. ಆಳವೇ ಅಪಾಯ ಅನ್ನುವುದು ಪೂರ್ತಿ ನಿಜವಲ್ಲ. 1973ರ ಆಗಸ್ಟ್ ಕೊನೆಯಲ್ಲಿ ಐರ್ಲೆಂಡ್‌ನ ಆಚೆ ಪೈಸಿಸ್ 3 ಅನ್ನುವ ಸಬ್ ಕೆಲಸ ಮುಗಿಸಿ ಮೇಲೆ ಬಂದಿತ್ತು. ಹಡಗಿನ ಕಡೆ ಎಳೆಯುವಾಗ ಹಗ್ಗ ಹಿಂದಿನ ಗೋಳದ ಮುಚ್ಚಳಕ್ಕೆ ಸಿಕ್ಕಿ ಅದನ್ನು ಕಿತ್ತುಬಿಟ್ಟಿತು. ನೀರು ತುಂಬಿ ಸಬ್ ಸುಮಾರು 480 ಮೀಟರ್ ಕೆಳಗೆ ಹೋಗಿ ಕೂತಿತು. ಒಳಗಿದ್ದ ರೋಜರ್ ಚಾಪ್‌ಮನ್ ಮತ್ತು ರೋಜರ್ ಮ್ಯಾಲಿನ್ಸನ್ ಆಮ್ಲಜನಕ ಉಳಿಸಲು ಅಲುಗಾಡದೆ ಮಲಗಿದರು. 76 ಗಂಟೆಗಳ ನಂತರ ಅವರನ್ನು ಎತ್ತಿದಾಗ ಉಳಿದಿದ್ದದ್ದು 12 ನಿಮಿಷದ ಆಮ್ಲಜನಕ. ಆದ್ದರಿಂದ ಸಬ್ ಹೋಲಿಸುವಾಗ ಬಾಗಿಲು ನೀರಿನಿಂದ ಎಷ್ಟು ಎತ್ತರದಲ್ಲಿದೆ, ಅಲೆ ಬಂದರೆ ಒಳಗೆ ಬೀಳುತ್ತದಾ, ಹಗ್ಗ ಕಟ್ಟುವ ಜಾಗ ಎಲ್ಲಿ, ಇದನ್ನೆಲ್ಲ ಹೊರಗೆ ನಿಂತು ಒಂದು ಸುತ್ತು ಹಾಕಿ ನೋಡಿ.

ಅದೇ ವರ್ಷದ ಜೂನ್‌ನಲ್ಲಿ ಫ್ಲಾರಿಡಾದ ಕೀ ವೆಸ್ಟ್ ಹತ್ತಿರ ಜಾನ್ಸನ್ ಸೀ ಲಿಂಕ್ ಅನ್ನುವ ಸಬ್ ಮುಳುಗಿದ ಹಡಗೊಂದರ ಅವಶೇಷದಲ್ಲಿ ಸಿಕ್ಕಿಹಾಕಿಕೊಂಡಿತು. ಮುಂದಿನ ಅಕ್ರಿಲಿಕ್ ಗೋಳದಲ್ಲಿದ್ದ ಇಬ್ಬರು ಬದುಕಿದರು. ಹಿಂದಿನ ಅಲ್ಯೂಮಿನಿಯಂ ಕೋಣೆಯಲ್ಲಿದ್ದ ಇಬ್ಬರು ತೀರಿಕೊಂಡರು. ಆ ಲೋಹದ ಕೋಣೆ ಬೇಗ ತಣ್ಣಗಾಯಿತು, ಚಳಿಯಲ್ಲಿ ಡೈಆಕ್ಸೈಡ್ ಹೀರುವ ಕಾಳುಗಳು ಸರಿಯಾಗಿ ಕೆಲಸ ಮಾಡಲಿಲ್ಲ. ಸಬ್ ಎಷ್ಟೇ ಹಗುರ ಇರಲಿ, ಬಲೆಗೋ ಹಗ್ಗಕ್ಕೋ ಸಿಕ್ಕರೆ ಕೈ ಬಿಟ್ಟರೂ ಮೇಲೆ ಬರುವುದಿಲ್ಲ. ಮೀನುಗಾರಿಕೆ ಜಾಸ್ತಿ ಇರುವ ನೀರಿನಲ್ಲಿ ಓಡಿಸುವವರು ರೆಕ್ಕೆ, ಚಾಚಿಕೊಂಡ ಲೈಟು, ಬಯಲಾದ ಪ್ರೊಪೆಲರ್ ಕಡಿಮೆ ಇರುವ ಮೈಯನ್ನೇ ಆರಿಸುವುದು ಒಳ್ಳೆಯದು. ಸಿಕ್ಕಿಹಾಕಿಕೊಂಡರೆ ಎಷ್ಟು ಹೊತ್ತು ಉಸಿರಾಡಬಹುದು ಅನ್ನುವ ಅಂಕಿಯೂ ಮುಖ್ಯ. ಆರು ಕಿಲೋಮೀಟರ್ ಆಳಕ್ಕೆಂದು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕಟ್ಟುತ್ತಿರುವ ನಮ್ಮ ಮತ್ಸ್ಯ 6000 ಸಬ್‌ನಲ್ಲಿ ಮಾಮೂಲಿ ಕೆಲಸ 12 ಗಂಟೆಯದು, ತುರ್ತಿಗೆ ಇಟ್ಟಿರುವುದು 96 ಗಂಟೆ. ಖಾಸಗಿ ಸಬ್ ಮಾರುವವರ ಬಳಿಯೂ ಈ ಎರಡು ಅಂಕಿಗಳನ್ನು ಬೇರೆ ಬೇರೆಯಾಗಿ ಕೇಳಿ. ಆ ಲೆಕ್ಕ ಎಷ್ಟು ಜನರಿಗೆ, ಎಷ್ಟು ತಣ್ಣನೆಯ ನೀರಿನಲ್ಲಿ ಅನ್ನುವುದನ್ನೂ ಕೇಳಿ.

ಹಾಗಾದರೆ ಯಾವುದು?

ಒಂದು ಸವಾರಿ ಮಾತ್ರ ಬೇಕು ಅನ್ನುವವರು ನಿಲ್ಲುವ, ಗೋಳದ ಸಬ್ ಇರುವ ಜಾಗವನ್ನೇ ಹುಡುಕಿ. ವರ್ಗೀಕರಣದ ಸರ್ಟಿಫಿಕೇಟ್ ತೋರಿಸಿ ಅನ್ನಲು ಸಂಕೋಚ ಬೇಡ. ಡಿಎನ್‌ವಿ, ಎಬಿಎಸ್, ಲಾಯ್ಡ್ಸ್ ಅನ್ನುವ ಹೆಸರುಗಳಲ್ಲಿ ಒಂದು ಇರಬೇಕು, ದಿನಾಂಕ ಚಾಲ್ತಿಯಲ್ಲಿರಬೇಕು. ಪೈಲಟ್ ಆಗಬೇಕು ಅನ್ನುವವರಿಗೂ ನನ್ನ ಸಲಹೆ ಮೊದಲು ನಿಲ್ಲುವ ಸಬ್‌ನಲ್ಲೇ ಕಲಿಯಿರಿ ಅಂತ. ತೂಕದ ಹದ ಕೈಗೆ ಹತ್ತಿದವರಿಗೆ ರೆಕ್ಕೆಯ ಸಬ್ ಬೇಗ ಬರುತ್ತದೆ, ಹಾರುವುದನ್ನೇ ಮೊದಲು ಕಲಿತವರಿಗೆ ನಿಲ್ಲುವುದು ತಡವಾಗುತ್ತದೆ. ಯು-ಬೋಟ್ ವರ್ಕ್ಸ್‌ಗೆ ಕೆರಿಬಿಯನ್ ಸಮುದ್ರದ ಕ್ಯೂರಸಾವ್ ದ್ವೀಪದಲ್ಲಿ ತನ್ನದೇ ಕೇಂದ್ರವಿದೆ, ಬೆಚ್ಚಗಿನ ತಿಳಿನೀರು ಕಲಿಯುವವರಿಗೆ ದೊಡ್ಡ ಸಹಾಯ. ಶೆಡ್ಡಿನಲ್ಲಿ ಕಟ್ಟುವ ಉತ್ಸಾಹ ಇರುವವರು ಒದ್ದೆ ಸಬ್‌ನಿಂದ ಶುರು ಮಾಡಿ. ಉಕ್ಕಿನ ಒತ್ತಡದ ಮೈ ಕಟ್ಟಲು ವೆಲ್ಡಿಂಗ್ ಪರೀಕ್ಷಿಸಬಲ್ಲ ಇಂಜಿನಿಯರ್ ಜೊತೆಗಿಲ್ಲದೆ ಕೈ ಹಾಕಬೇಡಿ. ಮೊದಲ ಇಳಿತ ಜನರಿಲ್ಲದೆ, ಹಗ್ಗ ಕಟ್ಟಿ, ಓಡಿಸಬೇಕೆಂದಿರುವ ಆಳಕ್ಕಿಂತ ಜಾಸ್ತಿ ಆಳಕ್ಕೆ ಆಗಬೇಕು.

ನಿಜವಾಗಿ ಕೊಳ್ಳುವ ಶಕ್ತಿ ಇರುವವರು ಆಳಕ್ಕಿಂತ ಮೊದಲು ಕ್ರೇನ್ ನೋಡಿಕೊಳ್ಳಿ. ಯು-ಬೋಟ್ ವರ್ಕ್ಸ್‌ನ ನೀಮೋ ಸುಮಾರು 2,500 ಕಿಲೋ, 100 ಮೀಟರ್‌ವರೆಗೆ ಹೋಗುತ್ತದೆ. ಟ್ರೈಟನ್ 3300/3 ಸುಮಾರು 8 ಟನ್. ಹಡಗಿನ ಕ್ರೇನ್ ಎತ್ತಲಾರದ ಸಬ್ ದಡದಲ್ಲೇ ಧೂಳು ತಿನ್ನುತ್ತದೆ. ಕ್ರೇನಿನ ಸಾಮರ್ಥ್ಯವನ್ನು ಅದರ ತೋಳು ಪೂರ್ತಿ ಚಾಚಿದಾಗಿನ ಲೆಕ್ಕದಲ್ಲಿ ಕೇಳಿ, ಅಲೆಯಲ್ಲಿ ಹಡಗು ವಾಲುವಾಗ ಎಷ್ಟು ಅಂತಲೂ ಕೇಳಿ. ಪರೀಕ್ಷೆಯ ಇಳಿತಕ್ಕೆ ಕರೆದಾಗ ಹತ್ತು ಮೀಟರ್ ಆಳದಲ್ಲಿ ಪೈಲಟ್‌ಗೆ ಹೇಳಿ, ಥ್ರಸ್ಟರ್ ಎಲ್ಲ ನಿಲ್ಲಿಸಿ ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಳ್ಳಿ ಅಂತ. ಆಳದ ಗೇಜಿನ ಮುಳ್ಳನ್ನು ಐದು ನಿಮಿಷ ನೋಡಿ, ಅದು ಎಷ್ಟು, ಯಾವ ಕಡೆ ಸರಿಯಿತು ಅಂತ ಬರೆದುಕೊಳ್ಳಿ. ಮುಂದಿನ ಕಂಪನಿಯ ಸಬ್‌ನಲ್ಲೂ ಅದೇ ಆಳದಲ್ಲಿ ಅದನ್ನೇ ಮಾಡಿಸಿ.